ಹಳೇಬೀಡಿನ ದಾರಿಗೆ ನೀರು ಹಾಕಿದವರು

ಅರಸೀಕೆರೆ ರೈಲು ನಿಲ್ದಾಣದ ಎದುರು ನಾನು ಮೂವತ್ತನಾಲ್ಕು ವರ್ಷ ಟ್ಯಾಕ್ಸಿ ಓಡಿಸಿದೆ. ಡ್ರೈವರುಗಳು ಸೇರಿದ ಕಡೆ ದೆವ್ವದ ಕತೆಗಳಿಗೆ ಬರವಿರುವುದಿಲ್ಲ. ತಿರುವಿನಲ್ಲಿ ಕೈ ಅಡ್ಡ ಹಿಡಿದ ಹೆಂಗಸು, ಹಿಂದಿನ ಸೀಟಿನಲ್ಲಿ ಕೂತಿದ್ದು ಊರು ಬರುವಷ್ಟರಲ್ಲಿ ಮಾಯವಾದ ಮುದುಕ, ಹೀಗೆ ದಿನಕ್ಕೊಂದು. ಹೇಳಿದವರನ್ನು ನಾನು ಎದುರಿಗೇ ಲೇವಡಿ ಮಾಡುತ್ತಿದ್ದೆ. ಬಾಡಿಗೆ ಕೊಟ್ಟಳೋ ಇಲ್ಲವೋ ಎಂದು ಕೇಳುತ್ತಿದ್ದೆ. ಸ್ಟ್ಯಾಂಡಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ, ಆ ಜಂಭವೂ ಇತ್ತು.

ಈಗ ನನಗೆ ಎಪ್ಪತ್ತಾರು ವರ್ಷ. ಇದನ್ನು ಓದಿ ನೀವು ನನ್ನನ್ನೂ ಲೇವಡಿ ಮಾಡಬಹುದು, ಬೇಡ ಎನ್ನುವುದಿಲ್ಲ. ಆದರೆ ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಒಂದಿದೆ, ನಾನೇ ಮಾಡಿದ್ದು ಒಂದಿದೆ. ಕಂಡದ್ದನ್ನು ನಂಬದಿದ್ದರೂ ಚಿಂತೆಯಿಲ್ಲ. ಮಾಡಿದ್ದನ್ನು ದಯವಿಟ್ಟು ನಂಬಿ. ಅದಕ್ಕಾಗಿಯೇ ಬರೆಯಲು ಕೂತಿದ್ದೇನೆ.

ನಲವತ್ತೈದು ವರ್ಷಕ್ಕೂ ಹಿಂದಿನ ಮಾತು. ಹುಬ್ಬಳ್ಳಿ ಕಡೆಯಿಂದಲೋ ಬೆಂಗಳೂರಿನಿಂದಲೋ ಬೆಳಗಿನ ರೈಲಿಗೆ ಬಂದಿಳಿದವರನ್ನು ಹಳೇಬೀಡು, ಬೇಲೂರು ತೋರಿಸಿ ಸಂಜೆಗೆ ವಾಪಸು ತಂದು ಬಿಡುವುದು ನನ್ನ ಕೆಲಸ. ಜಾವಗಲ್ ದಾಟಿ ಮೂರ್ನಾಲ್ಕು ಮೈಲಿ ಹೋದರೆ ರಸ್ತೆಯ ಪಕ್ಕದಲ್ಲೇ ಒಂದು ಸಣ್ಣ ಹಳ್ಳಿ, ಅಲ್ಲೊಂದು ಟೀ ಅಂಗಡಿ. ನನ್ನ ಹಳೇ ಅಂಬಾಸಿಡರ್ ಅಷ್ಟು ಹೊತ್ತಿಗೆ ಕಾದು ಹಬೆಯಾಡುತ್ತಿತ್ತು. ಅಂಗಡಿ ಮುಂದೆ ನಿಲ್ಲಿಸಿದ ಕೂಡಲೇ ಒಬ್ಬ ಮುದುಕ ಯಾರೂ ಹೇಳದೆಯೇ ಬಿಂದಿಗೆಯಲ್ಲಿ ನೀರು ತಂದು ರೇಡಿಯೇಟರಿಗೆ ಹುಯ್ಯುತ್ತಿದ್ದ. ಒಂದು ಹನಿ ಆಚೆ ಚೆಲ್ಲುತ್ತಿರಲಿಲ್ಲ. ಅವನೇ ತಿಮ್ಮಜ್ಜ. ಎಪ್ಪತ್ತು ದಾಟಿತ್ತು. ಹೆಂಡತಿ ಇರಲಿಲ್ಲ, ಮಗಳು ಅಳಿಯನ ಮನೆಯಲ್ಲಿದ್ದ.

ತಿಮ್ಮಜ್ಜ ಮಾತಿಗೆ ಕೂತರೆ ಒಂದೇ ವಿಷಯ, ಮಹಾರಾಜರ ಸವಾರಿ. ಅರಸರ ಕಾಲದಲ್ಲಿ ಮಹಾರಾಜರು ರೈಲಿನಲ್ಲಿ ಅರಸೀಕೆರೆಗೆ ಬಂದು, ಅಲ್ಲಿಂದ ಮೋಟಾರಿನಲ್ಲಿ ಹಳೇಬೀಡು, ಬೇಲೂರಿಗೆ ಹೋಗುತ್ತಿದ್ದರಂತೆ. ಆಗ ಇದು ಮಣ್ಣಿನ ರಸ್ತೆ. ಮೋಟಾರು ಬಂದರೆ ಧೂಳು ಆಳೆತ್ತರ ಏಳುತ್ತಿತ್ತು. ಹಾಗಾಗಿ ಸವಾರಿಯ ದಿನ ರಸ್ತೆಗೆ ನೀರು ಹಾಕಲು ಪ್ರತಿ ಊರಿನಲ್ಲೂ ಜನರನ್ನು ಗೊತ್ತು ಮಾಡುತ್ತಿದ್ದರು. ಎತ್ತಿನ ಗಾಡಿಯ ಮೇಲೆ ನೀರಿನ ಪೀಪಾಯಿ, ಅದರ ಹಿಂದೆ ಅಡ್ಡಲಾಗಿ ಕಟ್ಟಿದ ಸಾಲು ತೂತಿನ ಬಿದಿರು. ನೀರು ಕಮ್ಮಿಯಾದರೆ ಧೂಳು, ಹೆಚ್ಚಾದರೆ ಕೆಸರು. ತಿರುವು ಬಂದ ಕಡೆ ಅರ್ಧ ರಸ್ತೆಗೆ ಮಾತ್ರ ನೀರು ಹಾಕಿ ಇನ್ನರ್ಧ ಒಣಗಿದ ಹಾಗೇ ಬಿಡಬೇಕು, ಚಕ್ರಕ್ಕೆ ಹಿಡಿತ ಬೇಕಲ್ಲ. ಹೀಗೆ ಬಿಡುವುದು ತಾನೇ ಕಂಡುಕೊಂಡ ಉಪಾಯ, ಬೇರೆ ಊರಿನವರಿಗೆ ಗೊತ್ತಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದ. ಇನ್ನೊಂದು ಕಟ್ಟುನಿಟ್ಟೂ ಇತ್ತು. ಮೋಟಾರು ಕಾಣಿಸುವಷ್ಟರಲ್ಲಿ ಗಾಡಿ, ಎತ್ತು, ಆಳು ಎಲ್ಲ ಬೇಲಿಯ ಹಿಂದೆ ಮರೆಯಾಗಿರಬೇಕು. ನೀರು ಹಾಕಿದವನು ಅರಸರ ಕಣ್ಣಿಗೆ ಬೀಳಬಾರದು.

ಒಂದು ಸಲ ಮಾತ್ರ ಮಹಾರಾಜರು ಹಳೇಬೀಡಿನಲ್ಲಿ ಇಳಿದವರೇ, ಈ ದಾರಿಗೆ ನೀರು ಹಾಕಿದವರು ಯಾರು ಎಂದು ಕೇಳಿ ಕರೆಸಿದರಂತೆ. ಜೊತೆಯಲ್ಲಿದ್ದ ಫೋಟೋದವರು ಒಂದು ಪಟ ತೆಗೆದರು. ತಿಂಗಳೊಪ್ಪತ್ತಿನ ಮೇಲೆ ಅದರ ಒಂದು ಪ್ರತಿ ಪಟೇಲರ ಕೈಗೆ ಬಂದು, ಅವರಿಂದ ತಿಮ್ಮಜ್ಜನಿಗೆ ಸಿಕ್ಕಿತು.

ಊರಿನಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. ಪಟವನ್ನು ಅಜ್ಜ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದ. ಕೈ ತಾಗಿ ಹಾಳಾಗುತ್ತದೆಂದು ಯಾರಿಗೂ ಬಿಚ್ಚಿ ತೋರಿಸುತ್ತಿರಲಿಲ್ಲ. ಇದ್ದರಲ್ಲವೇ ತೋರಿಸೋದು ಎಂದು ಜನ ನಗುತ್ತಿದ್ದರು. ಅಳಿಯನಂತೂ ಊಟಕ್ಕೆ ಕೂತಾಗಲೆಲ್ಲ, "ಮಾರಾಜ್ರಿಗೆ ಮುದ್ದೆ ಮೊದ್ಲು ಬಡಿಸು ಕಣೇ" ಎಂದು ಹೆಂಡತಿಗೆ ಹೇಳುತ್ತಿದ್ದನಂತೆ. ಅಜ್ಜ ಇದನ್ನು ನನಗೆ ನಗುತ್ತಲೇ ಹೇಳಿದ್ದ. ನಾನೂ ನಕ್ಕಿದ್ದೆ.

ನನಗೆ ಅವನು ಪಟ ತೋರಿಸಿದ. ಯಾಕೆ ನನಗೆ ಎಂದರೆ, ನಾನೂ ಅದೇ ದಾರಿಯ ಮೇಲೆ ಬದುಕುವವನು, ನನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದ. ಪಟದ ನಡುವೆ ಮಹಾರಾಜರು, ಅವರ ಹಿಂದೆ ಮೋಟಾರು. ಬಲಕ್ಕೆ ರುಮಾಲು ಸುತ್ತಿದ ಡ್ರೈವರು. ಎಡಗಡೆಯ ಕೊನೆಯಲ್ಲಿ ತಿಮ್ಮಜ್ಜ, ಆಗ ಮೂವತ್ತರ ಆಳು, ಬರಿಗಾಲು, ಮೊಣಕಾಲಿನ ತನಕ ಕೆಸರು, ಕೈಯಲ್ಲಿ ಎತ್ತಿನ ಹಗ್ಗ. ಕಣ್ಣು ನೆಲದ ಮೇಲೆ. ರಸ್ತೆಗೆ ನೀರು ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದ ಹಾಗೆ ಕಾಣುತ್ತಿತ್ತು.

ಒಂದು ವಾರ ಕೊಡಜ್ಜ, ಬಂದವರಿಗೆ ನಿನ್ನ ಕತೆ ಹೇಳಿ ತೋರಿಸ್ತೀನಿ ಎಂದು ನಾನು ಕೇಳಿದೆ. ಮೂರು ಸಲ ಕೇಳಿದ ಮೇಲೆ ಕೊಟ್ಟ.

ನಾನು ಅವನ ಕತೆ ಹೇಳಲಿಲ್ಲ. ಬಲಗಡೆ ನಿಂತಿದ್ದ ಡ್ರೈವರನ್ನು ತೋರಿಸಿ, ಇವರು ನಮ್ಮ ತಾತ, ಅರಮನೆಯಲ್ಲಿ ಮೋಟಾರು ಓಡಿಸುತ್ತಿದ್ದರು ಎಂದು ಹೇಳಿದೆ. ನಮ್ಮ ತಾತ ಅರಸೀಕೆರೆ ಸಂತೆಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದವನು. ಮೊದಲ ಸಲ ಬಾಯಿತಪ್ಪಿ ಹೇಳಿದ್ದು, ಆಮೇಲೆ ರೂಢಿಯಾಯಿತು. ಅರಮನೆ ಡ್ರೈವರಿನ ಮೊಮ್ಮಗ ಎಂದರೆ ಪ್ರವಾಸಿಗರು ನನ್ನನ್ನು ನೋಡುವ ರೀತಿಯೇ ಬದಲಾಗುತ್ತಿತ್ತು. ಏನೋ ಎನ್ನುತ್ತಿದ್ದವರು ಏನ್ರೀ ಎನ್ನುತ್ತಿದ್ದರು. ಸ್ಟಿಯರಿಂಗಿನ ಮುಂದೆ ದೇವರ ಪಟ ಇಡುತ್ತಿದ್ದ ಸಣ್ಣ ಚೌಕಟ್ಟಿನಲ್ಲಿ ಈ ಪಟ ಹಾಕಲು ನೋಡಿದೆ. ಅಗಲ ಹೆಚ್ಚಾಯಿತು. ಮನೆಯಲ್ಲಿ ಕತ್ತರಿ ತೆಗೆದುಕೊಂಡು ಎಡಗಡೆಯಿಂದ ಎರಡು ಬೆರಳು ಅಗಲ ಕತ್ತರಿಸಿದೆ. ಕೆಸರುಗಾಲಿನ ಆಳು ನನ್ನ ಕತೆಗೆ ಬೇಕಾಗಿರಲಿಲ್ಲ. ಕತ್ತರಿಸಿದ ಚೂರನ್ನು ಒಲೆಗೆ ಹಾಕಿದೆ. ಇದಿಷ್ಟನ್ನೂ ನಾನು ಕೋಪದಲ್ಲಿ ಮಾಡಲಿಲ್ಲ, ಕುಡಿದು ಮಾಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಸಮಾಧಾನವಾಗಿ ಮಾಡಿದೆ.

ತಿಮ್ಮಜ್ಜ ಕೇಳಿದಾಗಲೆಲ್ಲ ನಾಳೆ, ನಾಡಿದ್ದು ಎನ್ನುತ್ತಾ ಬಂದೆ. ಆ ಅಂಗಡಿ ಬರುವ ಮುಂಚೆ ಚೌಕಟ್ಟನ್ನು ಬಿಚ್ಚಿ ಸೀಟಿನ ಕೆಳಗೆ ಇಡುತ್ತಿದ್ದೆ.

ಆ ಬೇಸಿಗೆಯಲ್ಲಿ ಬೇಲೂರಿನ ಕೆಲವು ಹಿರಿಯರು ಒಂದು ಸಮಿತಿ ಮಾಡಿಕೊಂಡು, ಅರಸರ ಸವಾರಿಗಳಲ್ಲಿ ದುಡಿದು ಇನ್ನೂ ಬದುಕಿರುವ ಹಳಬರನ್ನು ಕರೆದು ಶಾಲು ಹೊದಿಸಿ ಗೌರವಿಸುವುದೆಂದು ತೀರ್ಮಾನಿಸಿದರು. ನಾನೂ ದುಡಿದಿದ್ದೆ ಎನ್ನುವವರು ಬಹಳ ಜನ ಬಂದಿದ್ದರಿಂದ ಏನಾದರೂ ಆಧಾರ ತರಲೇಬೇಕು, ಒಂದು ದಿನ ಕೂತು ವಿಚಾರಣೆ ಮಾಡುತ್ತೇವೆ ಎಂದರು. ತಿಮ್ಮಜ್ಜನಿಗೆ ಶಾಲಿನ ಆಸೆ ಇರಲಿಲ್ಲ. ಬೇಲೂರಿನ ದೊಡ್ಡವರು ಹೌದು ಎಂದುಬಿಟ್ಟರೆ ಮನೆಯಲ್ಲಿ ಬಾಯಿ ಮುಚ್ಚುತ್ತಾರೆ, ಅಷ್ಟೇ ಅವನ ಲೆಕ್ಕ. ವಿಚಾರಣೆಯ ದಿನ ಪಟ ತೆಗೆದುಕೊಂಡು ಬೇಲೂರಿಗೆ ಬಂದುಬಿಡಪ್ಪ ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಬರುತ್ತೇನೆ ಎಂದೆ. ಪಟ ಕತ್ತರಿಸಿದ್ದೇನೆ ಎಂದು ಆಗಲೇ ಹೇಳಬಹುದಿತ್ತು. ನನ್ನ ಮಾನದ ಪ್ರಶ್ನೆ ನೋಡಿ. ಅವನು ನನಗೆ ಪಟ ಕೊಟ್ಟೇ ಇಲ್ಲ ಎಂದುಬಿಡುವುದು ಎಂದು ಆ ರಾತ್ರಿಯೇ ನಿರ್ಧರಿಸಿದ್ದೆ.

ವಿಚಾರಣೆಯ ದಿನ ಹುಬ್ಬಳ್ಳಿಯ ದಂಪತಿಗಳು ನನ್ನ ಕಾರಿನಲ್ಲಿದ್ದರು. ಗಂಡ ನಿವೃತ್ತ ಮೇಷ್ಟ್ರು, ಹೆಂಡತಿ ನಗುಮುಖದ ಹೆಂಗಸು. ಬೆಳಗಿನ ಹತ್ತು ಗಂಟೆ. ಉರಿಬಿಸಿಲು. ಯುಗಾದಿ ಮುಗಿದಿತ್ತು, ಒಂದು ಹನಿ ಮಳೆ ಬಿದ್ದಿರಲಿಲ್ಲ, ಕೆರೆಗಳ ತಳ ಬಿರುಕು ಬಿಟ್ಟಿತ್ತು. ಜಾವಗಲ್ಲಿನಿಂದ ಆಚೆ ರಸ್ತೆ ಅಗಲ ಮಾಡಲೆಂದು ಡಾಂಬರು ಕಿತ್ತು ಹಾಕಿ, ಯಾಕೋ ಕೆಲಸ ನಿಂತು, ಗುತ್ತಿಗೆದಾರನ ಆಳುಗಳು ಗುಡಾರ ಕಿತ್ತುಕೊಂಡು ಹೋಗಿ ಎರಡು ತಿಂಗಳಾಗಿತ್ತು. ಹಿಟ್ಟಿನಂಥ ಕೆಂಪು ಧೂಳು. ಗಾಜು ಏರಿಸಿಕೊಳ್ಳಿ ಎಂದು ನಾನು ಮೊದಲೇ ಹೇಳಿದ್ದೆ.

ಜಾವಗಲ್ ದಾಟಿ ಎರಡು ಮೈಲಿ ತನಕ ಧೂಳಿತ್ತು. ಆಮೇಲೆ ಇರಲಿಲ್ಲ.

ಮೊದಲು ನನ್ನ ಗಮನಕ್ಕೆ ಬಂದದ್ದು ಶಬ್ದ. ಚಕ್ರದ ಸದ್ದು ಮೆತ್ತಗಾಯಿತು. ಕನ್ನಡಿಯಲ್ಲಿ ಹಿಂದೆ ನೋಡಿದರೆ ರಸ್ತೆ ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದೆ ನೋಡಿದರೆ ರಸ್ತೆ ಒದ್ದೆಯಾಗಿತ್ತು. ಎರಡೂ ಅಂಚಿಗೆ ಒಂದೊಂದು ಗೇಣು ಬಿಟ್ಟು ನಡುವೆ ಒಂದೇ ಸಮನಾಗಿ, ಅಂಗಳಕ್ಕೆ ನೀರು ಹಾಕಿದ ಹಾಗೆ. ಎಲ್ಲಿಯೂ ನೀರು ನಿಂತಿರಲಿಲ್ಲ. ಹಸಿ ಮಣ್ಣಿನ ವಾಸನೆ ಕಾರಿನೊಳಕ್ಕೆ ಬಂತು. ಹಿಂದೆ ಕೂತಿದ್ದ ಮೇಷ್ಟ್ರು ಗಾಜು ಇಳಿಸಿ, ಇಲ್ಲಿ ಮಳೆಯಾಗಿದೆಯೇ ಎಂದು ಕೇಳಿದರು. ಇಲ್ಲ ಎಂದೆ.

ಅವರ ಹೆಂಡತಿ ನಕ್ಕರು. "ನಮ್ಮ ಸಲುವಾಗಿ ಯಾರೋ ನೀರು ಹೊಡದಾರ ನೋಡ್ರಿ. ಮಹಾರಾಜರು ಹೊಂಟಾರಂತ."

ನಾನು ಈ ತಾಯಿಗೆ ತಿಮ್ಮಜ್ಜನ ವಿಷಯ ಏನೂ ಹೇಳಿರಲಿಲ್ಲ. ಆ ದಿನ ತಾತನ ಸುಳ್ಳನ್ನೂ ಹೇಳಿರಲಿಲ್ಲ. ಚೌಕಟ್ಟು ಸೀಟಿನ ಕೆಳಗಿತ್ತು.

ಮುಂದೆ ಒಂದು ತಿರುವು ಬಂತು. ಅಲ್ಲಿ ಅರ್ಧ ರಸ್ತೆ ಮಾತ್ರ ಒದ್ದೆಯಾಗಿತ್ತು. ಇನ್ನರ್ಧ ಗೆರೆ ಎಳೆದ ಹಾಗೆ ಒಣಗಿತ್ತು. ತಿರುವು ಮುಗಿದ ಕೂಡಲೇ ಮತ್ತೆ ಪೂರಾ ಒದ್ದೆ. ಮುಂದಿನ ತಿರುವಿನಲ್ಲೂ ಹಾಗೇ.

ನಾನು ಕಾರು ನಿಲ್ಲಿಸಿ ಇಳಿದೆ. ಮೇಷ್ಟ್ರ ಹೆಂಡತಿಯೂ ಇಳಿದು ಬಗ್ಗಿ ಮಣ್ಣು ಮುಟ್ಟಿ, ಬೆರಳನ್ನು ನಾನು ಕಾರು ಒರೆಸುವ ಬಟ್ಟೆಗೆ ಒರೆಸಿಕೊಂಡರು. ಬಟ್ಟೆಯ ಮೇಲೆ ಕೆಂಪು ಗುರುತು ಬಿತ್ತು. ಎರಡೂ ಕಡೆ ಬಯಲು, ಆಚೆ ತೆಂಗಿನ ತೋಟ. ಮನುಷ್ಯರಿರಲಿಲ್ಲ, ಗಾಡಿ ಇರಲಿಲ್ಲ. ಒದ್ದೆ ಮಣ್ಣಿನ ಮೇಲೆ ಎತ್ತಿನ ಗೊರಸಾಗಲಿ ಗಾಡಿಯ ಜಾಡಾಗಲಿ ಲಾರಿಯ ಟೈರಿನ ಗುರುತಾಗಲಿ ಇರಲಿಲ್ಲ. ಅಷ್ಟು ಬಿಸಿಲಿಗೆ ನೀರು ಹಾಕಿ ಐದು ನಿಮಿಷ ಕೂಡ ಆಗಿರಲಾರದು. ನಾನು ಕಾರು ಜೋರಾಗಿ ಓಡಿಸಿದೆ, ಹಾಕುತ್ತಿರುವವರು ಯಾರೇ ಆಗಲಿ ಸಿಕ್ಕಲೇಬೇಕು ಎಂದು. ಟೀ ಅಂಗಡಿಯ ಮುಂದೆ ನಿಲ್ಲಿಸದೆ ಹೋದೆ. ಹಳೇಬೀಡಿನ ಕೆರೆ ಏರಿ ಕಾಣುವ ತನಕ ರಸ್ತೆ ಒದ್ದೆ ಇತ್ತು. ಯಾರೂ ಸಿಗಲಿಲ್ಲ.

ದಂಪತಿಗಳು ಹಳೇಬೀಡಿನ ದೇವಸ್ಥಾನ ನೋಡಿ ಬರುವ ತನಕ ನಾನು ಕಾರಿನಲ್ಲೇ ಕೂತಿದ್ದೆ. ತಿಮ್ಮಜ್ಜನೇ ಹಟ ಹಿಡಿದು ಏನೋ ಮಾಡಿದ್ದಾನೆ ಎಂದು ಮನಸ್ಸಿಗೆ ಹೇಳಿಕೊಂಡೆ. ಎಪ್ಪತ್ತು ದಾಟಿದವನು, ಗಾಡಿಯಿಲ್ಲ, ಎತ್ತಿಲ್ಲ. ಹೇಗೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಬೇಲೂರಿನಲ್ಲಿ ಸಮಿತಿಯವರು ಒಂದು ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತಿಮ್ಮಜ್ಜ ಹಿಂದಿನ ದಿನ ಸಂಜೆಯ ಬಸ್ಸಿಗೇ ಬಂದು ಆ ಜಗಲಿಯಲ್ಲೇ ಮಲಗಿದ್ದನಂತೆ. ಬೆಳಗಿನಿಂದ ಅಲ್ಲಿಂದ ಅಲ್ಲಾಡಿಲ್ಲ, ಕಾಫಿಗೆ ಕರೆದರೂ ಏಳಲಿಲ್ಲ ಎಂದು ಸಮಿತಿಯ ಒಬ್ಬರು ನಗುತ್ತಾ ಹೇಳಿದರು. ಒಗೆದ ಪಂಚೆ ಉಟ್ಟಿದ್ದ. ನನ್ನನ್ನು ನೋಡಿ ಎದ್ದು ನಿಂತು, ಇವನೇ ಎಂದು ಅವರಿಗೆ ತೋರಿಸಿದ.

ಪಟ ಎಲ್ಲಿ ಎಂದು ಅವರು ಕೇಳಿದರು.

ಈ ಮುದುಕ ಇಲ್ಲೇ ಇದ್ದ ಎಂದು ಆಗ ತಾನೇ ಕೇಳಿದ್ದೆ. ನನ್ನ ಚಪ್ಪಲಿಗೆ ಆ ರಸ್ತೆಯ ಕೆಸರು ಇನ್ನೂ ಅಂಟಿತ್ತು. ಆದರೂ ಹೇಳಿದೆ. "ನಂಗಿವ್ರು ಯಾವ ಪಟಾನೂ ಕೊಟ್ಟಿಲ್ಲ ಸ್ವಾಮಿ. ವಯಸ್ಸಾಗಿದೆ, ಏನೋ ನೆಪ್ಪು ತಪ್ಪಿರ್ಬೇಕು."

ತಿಮ್ಮಜ್ಜ ಜಗಳವಾಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಕಾಲಿನ ಕಡೆ ನೋಡುತ್ತಾ ಕೇಳಿದ. "ದಾರಿ ಹೆಂಗಿತ್ತಪ್ಪ? ಧೂಳೇನೂ ಏಳ್ನಿಲ್ವಲ್ಲ?"

ಇಲ್ಲ ಎಂದೆ. ಅವನ ಮುಂದೆ ಆ ದಿನ ನಾನು ಆಡಿದ ನಿಜ ಅದೊಂದೇ.

ಅವನು ತಲೆಯಾಡಿಸಿ, ಸಮಿತಿಯವರಿಗೆ ಕೈ ಮುಗಿದು, ಬಸ್ಸಿನ ಕಡೆ ಹೋದ. ಸಂಜೆ ಅದೇ ರಸ್ತೆಯಲ್ಲಿ ಹಿಂದಿರುಗುವಾಗ ಧೂಳು ಕಣ್ಣು ಬಿಡಲು ಬಿಡಲಿಲ್ಲ. ಎಲ್ಲೂ ಒದ್ದೆಯಾಗಿದ್ದ ಕುರುಹಿಲ್ಲ. ಕಾರಿನ ಮಡ್ಗಾರ್ಡಿಗೆ ಅಂಟಿದ್ದ ಕೆಸರು ಮಾತ್ರ ಒಣಗಿ ಹಾಗೇ ಇತ್ತು. ಮಾರನೆಯ ದಿನ ಜಾವಗಲ್ಲಿನಲ್ಲಿ, ಹಳೇಬೀಡಿನಲ್ಲಿ, ದಾರಿಯ ಹಳ್ಳಿಗಳಲ್ಲಿ ವಿಚಾರಿಸಿದೆ. ರಸ್ತೆ ಕೆಲಸದವರ ನೀರಿನ ಲಾರಿ ಬಂದಿತ್ತೇ ಎಂದು ಕೇಳಿದೆ. ಕುಡಿಯೋಕೇ ನೀರಿಲ್ಲ, ರಸ್ತೆಗೆ ಯಾರು ಹಾಕ್ತಾರೆ ಎಂದರು. ಹುಬ್ಬಳ್ಳಿಯ ಆ ದಂಪತಿಗಳ ವಿಳಾಸವನ್ನು ನಾನು ಕೇಳಿಟ್ಟುಕೊಂಡಿರಲಿಲ್ಲ.

ಆಮೇಲೆ ನನ್ನ ಕಾರು ಟೀ ಅಂಗಡಿಯ ಮುಂದೆ ನಿಂತರೆ ತಿಮ್ಮಜ್ಜ ಎದ್ದು ಒಳಗೆ ಹೋಗುತ್ತಿದ್ದ. ನೀರಿನ ಬಿಂದಿಗೆಯನ್ನು ಮಾತ್ರ ಹೊರಗಿಟ್ಟು ಹೋಗುತ್ತಿದ್ದ. ಎರಡು ವರ್ಷದ ಮೇಲೆ ತೀರಿಕೊಂಡ. ನಾನು ಮಣ್ಣಿಗೆ ಹೋಗಲಿಲ್ಲ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ಉತ್ತರ ಸುಲಭ, ಹೇಡಿತನ. ಹೋದ ವರ್ಷ ನನಗೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಕಟ್ಟಿಕೊಂಡು ಮಲಗಿದ್ದ ನಾಲ್ಕು ದಿನ ಬೇರೇನೂ ಕಾಣಲಿಲ್ಲ, ಆ ಪಟದ ಎಡಗಡೆಯ ಕೊನೆ ಮಾತ್ರ ಕಾಣುತ್ತಿತ್ತು. ಪಟ್ಟಿ ಬಿಚ್ಚಿದ ದಿನವೇ ತೀರ್ಮಾನ ಮಾಡಿದೆ. ಹುಡುಕಿಸಿ ನೋಡಿದರೆ ತಿಮ್ಮಜ್ಜನ ಮಗಳು ಲಕ್ಕಮ್ಮ ಬದುಕಿದ್ದಾಳೆ, ತೊಂಬತ್ತರ ಹತ್ತಿರ, ಇಲ್ಲೇ ಹತ್ತಿರದ ಗಂಡಸಿ ಎಂಬ ಊರಿನಲ್ಲಿ ತನ್ನ ಮಗಳು ಸುಜಾತಳ ಮನೆಯಲ್ಲಿದ್ದಾಳೆ ಎಂದು ತಿಳಿಯಿತು. ಕತ್ತರಿಸಿದ ಪಟವನ್ನು ಚೀಲದಲ್ಲಿಟ್ಟುಕೊಂಡು ಹೋದ ತಿಂಗಳು ಬಸ್ಸು ಹತ್ತಿದೆ.

ಸುಜಾತ ಅರವತ್ತರ ಆಸುಪಾಸಿನ ಹೆಂಗಸು, ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಕೂತು ಎಲ್ಲ ಹೇಳಿದೆ. ಅವಳು ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡಳು. ಪಟ ಎಲ್ಲಿ ಹೋಯಿತೆಂದು ಮನೆಯಲ್ಲಿ ಕೇಳಿದಾಗ ಅವಳ ತಾತ, ತನ್ನ ಕೈಯಾರೆಯೇ ಹಾಳಾಯಿತು ಎಂದಿದ್ದನಂತೆ. ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ಮನೆಯವರೆಲ್ಲ, ಪಟ ಇದ್ದರಲ್ಲವೇ ಹಾಳಾಗುವುದು ಎಂದುಕೊಂಡು ಅಲ್ಲಿಗೆ ಬಿಟ್ಟರು. ಊರಿನವರು ಅವನು ಸಾಯುವ ತನಕ ಮಾರಾಜ ಎಂದೇ ಕರೆದರು.

"ನಮ್ಮವ್ವನ ಮುಂದೆ ಇನ್ನೊಂದ್ಸಲ ಹೇಳಿ," ಎಂದಳು.

ಲಕ್ಕಮ್ಮ ಒಳಗೆ ಗೋಡೆಗೊರಗಿ ಕೂತಿದ್ದಳು. ಹೇಳಿದೆ. ಅವಳಿಗೆ ಕಿವಿ ಮಂದ. "ಜೋರಾಗಿ ಹೇಳಪ್ಪ, ನಂಗೆ ಕೇಳಾಕಿಲ್ಲ," ಎಂದಳು. ನಾನು ದನಿ ಏರಿಸಿದೆ. ಇನ್ನೂ ಜೋರಾಗಿ ಎಂದು ಕೈ ಮಾಡಿದಳು. ಕೊನೆಗೆ ಕೂಗಿ ಹೇಳಬೇಕಾಯಿತು, ನಿಮ್ಮಪ್ಪ ಆ ಪಟದಲ್ಲಿ ಇದ್ದರು, ನಾನೇ ಕತ್ತರಿಸಿದೆ, ನಾನೇ ಸುಳ್ಳು ಹೇಳಿದೆ ಎಂದು. ಎದುರುಮನೆಯವರು ಬಾಗಿಲಿಗೆ ಬಂದು ನಿಂತರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ನಾನು ನಿಲ್ಲಿಸಲಿಲ್ಲ. ಅವಳು ತಲೆಯಾಡಿಸುವ ತನಕ ಕೂಗಿದೆ.

ಪಟವನ್ನು ಅವಳ ಕೈಗೆ ಕೊಟ್ಟೆ. ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ.

ಒದ್ದೆ ರಸ್ತೆಯ ವಿಷಯವನ್ನೂ ಹೇಳಿದೆ. ಅದಕ್ಕೆ ಸುಜಾತ ಸ್ವಲ್ಪ ನಕ್ಕಳು. "ಸುಳ್ಳು ಹೇಳ್ದೆ ಅಂತ ಈಗ್ತಾನೆ ನೀವೇ ಹೇಳಿದ್ರಿ. ಇದನ್ನ ಹೆಂಗೆ ನಂಬೋದು ಹೇಳಿ ಮತ್ತೆ?"

ಅವಳ ಮಾತಿನಲ್ಲಿ ತಪ್ಪಿಲ್ಲ. ನನ್ನ ಹತ್ತಿರ ಆಧಾರವಿಲ್ಲ. ಆ ಬೇಸಿಗೆಯಲ್ಲಿ ಏಳೆಂಟು ಮೈಲಿ ದಾರಿಗೆ ಆಗುವಷ್ಟು ನೀರು ಎಲ್ಲಿಂದ ಬಂತು, ಯಾರು ಹಾಕಿದರು, ಬೇಲೂರಿನ ಜಗಲಿಯಲ್ಲಿ ಕೂತಿದ್ದ ಮುದುಕ ಧೂಳೇಳಲಿಲ್ಲವಲ್ಲ ಎಂದು ಹೇಗೆ ಕೇಳಿದ, ಅಂದು ಗೊತ್ತಾಗಲಿಲ್ಲ, ಇಂದಿಗೂ ಗೊತ್ತಿಲ್ಲ. ನನಗಾಗಿ ಹಾಕಿದ್ದೋ, ಪಟಕ್ಕಾಗಿ ಹಾಕಿದ್ದೋ, ಅದೂ ಗೊತ್ತಿಲ್ಲ.

ಹೊರಡಲು ಎದ್ದಾಗ ಲಕ್ಕಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು. ಇದನ್ನು ನಮ್ಮೂರಿಗೆ ಬಂದು ಹೇಳುತ್ತೀಯಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ.

ಸುಜಾತ ತಾಯಿಯ ಕಿವಿಯ ಹತ್ತಿರ ಬಗ್ಗಿ, "ತಾತನ್ನ ಆಡ್ಕೊಂಡೋರೆಲ್ಲ ಸತ್ತೋಗವ್ರೆ ಕಣವ್ವ. ಅಲ್ಲಿ ಕೇಳಾಕೆ ಈಗ ಯಾರವ್ರೆ?" ಎಂದಳು.

"ಇರೋರ್ಗೆ ಹೇಳ್ಲಿ," ಎಂದಳು ಲಕ್ಕಮ್ಮ.

ಬರುವ ಸೋಮವಾರ ಬೆಳಗಿನ ಬಸ್ಸಿಗೆ ತಿಮ್ಮಜ್ಜನ ಊರಿಗೆ ಹೋಗುತ್ತಿದ್ದೇನೆ.